ಬಿಯರಿನೊಳಗಣ ಕಾಫಿ

ಕಾಫಿಯ ವಿಷಯದಲ್ಲಿ ನಾನು ಸಂಪ್ರದಾಯಸ್ಥ. ಬೆಳಗ್ಗೆ ಆರಕ್ಕೆ ಒಂದು ಲೋಟ, ಕಾಲೇಜಿನಿಂದ ಬಂದ ಮೇಲೆ ಒಂದು ಲೋಟ. ಇವೆರಡರ ನಡುವೆ ಹುಡುಗರಿಗೆ ಪಂಪನ ನಾಲ್ಕು ಪದ್ಯಗಳನ್ನು ಹೇಳಿಕೊಡುತ್ತೇನಾದರೆ ಅದು ಮೊದಲನೆಯ ಲೋಟದ ಪುಣ್ಯ. ಇಂತಹ ನಾನು ಕಳೆದ ಬೇಸಗೆಯಲ್ಲಿ ಕಾಫಿಯನ್ನು ಬಿಯರಿನ ರೂಪದಲ್ಲಿ ಕುಡಿದು ಬಂದೆ. ಹೆಂಡತಿಗೆ ಹೇಳಿದ್ದೇನೆ, ಅಮ್ಮನಿಗೆ ಹೇಳಿಲ್ಲ. ಅಮ್ಮ ವಾರಪತ್ರಿಕೆಯಲ್ಲಿ ಧಾರಾವಾಹಿಯನ್ನು ಮಾತ್ರ ಓದುವವಳಾದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋಗಿದ್ದೆ. ಅಲ್ಲಿ ನೌಕರಿಯಲ್ಲಿರುವ ಹಳೆಯ ಶಿಷ್ಯನೊಬ್ಬ ಸಂಜೆ ನನ್ನನ್ನು ಇಂದಿರಾನಗರಕ್ಕೆ ಕರೆದುಕೊಂಡು ಹೋದ. ತಮ್ಮ ಸೂರಿನ ಕೆಳಗೇ ಬಿಯರು ತಯಾರಿಸಿ ಅಲ್ಲಿಯೇ ಬಡಿಸುವ ಮನೆಗಳು ಆ ನಗರದಲ್ಲಿ 2010ರ ಸುಮಾರಿನಿಂದ ಹುಟ್ಟಿಕೊಂಡವು. ಗಾಜಿನ ಗೋಡೆಯಾಚೆ ಆಳೆತ್ತರದ ಉಕ್ಕಿನ ಹಂಡೆಗಳು. ಈಚೆ ಮಕ್ಕಳು ಮರಿಗಳೊಂದಿಗೆ ಊಟಕ್ಕೆ ಕುಳಿತ ಸಂಸಾರಗಳು. ನಾನು ನಿಂಬೆ ಪಾನಕವನ್ನು ಕೇಳಬೇಕೆಂದಿದ್ದೆ.

“ಸರ್, ಒಂದು ಗುಟುಕು ನೋಡಿ. ಇದರಲ್ಲಿ ನಮ್ಮ ಕಡೆಯ ಗಾಳಿ ಉಂಟು,” ಎಂದ ಶಿಷ್ಯ.

ಅವನ ಮಾತು ಸುಳ್ಳಲ್ಲ. ಆ ಬಿಯರಿಗೆ ಹಾಕಿದ್ದು ಮಳೆಗಾಳಿಯಲ್ಲಿ ಹದಗೊಳಿಸಿದ ಕಾಫಿ. ಹಿಂದೆ ಹಾಯಿಹಡಗುಗಳಲ್ಲಿ ಯೂರೋಪಿಗೆ ಹೋಗುತ್ತಿದ್ದ ನಮ್ಮ ಕಾಫಿಬೀಜ ತಿಂಗಳುಗಟ್ಟಲೆ ಕಡಲಿನ ತೇವವನ್ನು ಕುಡಿದು, ಉಬ್ಬಿ, ಬಿಳಿಚಿಕೊಂಡು ದಡ ಸೇರುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ಒಗ್ಗಿಹೋಯಿತು. ಹಬೆಯ ಹಡಗುಗಳು ಬಂದು ಪ್ರಯಾಣ ಚಿಕ್ಕದಾದಾಗ ಬೀಜ ಹಸಿರಾಗಿಯೇ ತಲುಪಿ, ಕೊಳ್ಳುವವರು ಮುಖ ಸಿಂಡರಿಸಿದರಂತೆ. ಅಂದಿನಿಂದ ಘಟ್ಟದ ಮೇಲಣ ಕಾಫಿಯನ್ನು ಮಂಗಳೂರಿನಂತಹ ಕರಾವಳಿಯ ಊರುಗಳಿಗೆ ಇಳಿಸಿ, ಮಳೆಗಾಲದಲ್ಲಿ ಗಾಳಿಯಾಡುವ ಕೊಟ್ಟಿಗೆಗಳಲ್ಲಿ ಹರಡಿ, ಆಗಾಗ ಕೆದಕಿ, ಬೇಕೆಂದೇ ಉಬ್ಬಿಸುತ್ತಾರೆ. ಬೀಜದ ಹುಳಿ ಇಳಿದುಹೋಗುತ್ತದೆ. ಆದಿ ಉಡುಪಿಯ ನಮ್ಮ ಮನೆಯಲ್ಲಿ ಅದೇ ಗಾಳಿ ಪುಸ್ತಕಗಳಿಗೆ ಬೂಸ್ಟು ಹಿಡಿಸುತ್ತದೆ. ಅದರಿಂದ ಯಾರಿಗೂ ಲಾಭವಾದದ್ದನ್ನು ನಾನರಿಯೆ.

ಬಿಯರು ಕಾಸುವ ತರುಣ ಮೇಜಿನ ಬಳಿಗೇ ಬಂದು ವಿವರಿಸಿದ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಅದರಲ್ಲೊಂದು ಪಾಲನ್ನು ಕಪ್ಪಾಗುವಂತೆ ಹುರಿಯುತ್ತಾರೆ. ಕಾಫಿಯನ್ನು ಮಾತ್ರ ಕುದಿಸುವುದಿಲ್ಲ, ಕುದಿಸಿದರೆ ಒಗರು. ತರಿಯಾಗಿ ಬೀಸಿದ ಪುಡಿಯನ್ನು ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಹಾಕಿ, ಸೋಸಿದ ಕಷಾಯವನ್ನು ಹುದುಗು ಮುಗಿದ ಮೇಲೆ ಬಿಯರಿಗೆ ಬೆರೆಸುವುದು. ನಮ್ಮ ಫಿಲ್ಟರಿನ ಡಿಕಾಕ್ಷನ್ನಿಗೆ ಇವನೊಬ್ಬ ದೂರದ ದಾಯಾದಿ.

ಬಣ್ಣ ಡಿಕಾಕ್ಷನ್ನಿನದೇ, ಮೇಲೆ ಕಂದು ನೊರೆ. ಮೂಗಿನ ಬಳಿ ತಂದಾಗ ಅಮ್ಮನ ಅಡುಗೆಮನೆ. ನಾಲಗೆಗೆ ಸೋಕಿದಾಗ ಸುಟ್ಟ ಬೆಲ್ಲ, ಅನಂತರ ಕಹಿ. ಆದರೆ ಗುಟುಕು ಗಂಟಲಿಗೆ ಇಳಿದ ಮೇಲೆ ಹಿಂದಿನಿಂದ ಒಂದು ಹುಳಿ ವಾಸನೆ ಮೇಲಕ್ಕೆ ಬಂತು. ಅದನ್ನು ನಾನು ಬಲ್ಲೆ. ಮೂವತ್ತು ವರ್ಷಗಳ ಹಿಂದೆ, ನಮ್ಮ ಹಿತ್ತಿಲಿನಲ್ಲಿ ಬಲ್ಲೆ.

ಹಿತ್ತಿಲಿನ ತೆಂಗುಗಳಲ್ಲಿ ಎರಡನ್ನು ಅಪ್ಪ ಮೂರ್ತೆಗೆ ಕೊಟ್ಟಿದ್ದರು. ಪೂಜಾರಿಯವರು ಬೆಳಗ್ಗೆ ಸಂಜೆ ಬಂದು ಮರವೇರಿ, ಕಟ್ಟಿದ ಹೊಂಬಾಳೆಯನ್ನು ಮೆಲ್ಲಗೆ ಬಡಿದು, ತುದಿಯನ್ನು ತೆಳುವಾಗಿ ಕೊಯ್ದು, ಮಡಕೆಯ ಕಳ್ಳನ್ನು ಇಳಿಸುತ್ತಿದ್ದರು. ಇಳಿದ ಮೇಲೆ ಅಮ್ಮ ಕಾಫಿ ಕೊಡುತ್ತಿದ್ದಳು, ಒಳ್ಳೆಯ ಕಾಫಿಯನ್ನೇ. ಆದರೆ ಜಗಲಿಯ ಅಂಚಿನಲ್ಲಿ ಬೇರೆಯೇ ಇಟ್ಟ, ಬಾಯಿ ತುಸು ನೆಗ್ಗಿದ ಸ್ಟೀಲ್ ಲೋಟದಲ್ಲಿ. ಕುಡಿದು, ನಲ್ಲಿಯಲ್ಲಿ ತೊಳೆದು, ಅವರೇ ಅದನ್ನು ಕವಿಚಿಡುತ್ತಿದ್ದರು. ಕಳ್ಳಿನ ವಾಸನೆಯವರೆಂದು ನಾವು ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಅವರು ನೋಡಿದ್ದಾರೆ. ಕಾಫಿಯೂ ಒಂದು ಕಾಲದಲ್ಲಿ ಮಡಿವಂತರ ಮನೆಗಳ ಹೊರಗೇ ನಿಂತಿದ್ದ ಪಾನೀಯವೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಪುಸ್ತಕಗಳಿಂದ.

ಬಿಲ್ಲಿನಲ್ಲಿ ಒಂದು ಲೋಟಕ್ಕೆ ನಾನೂರರ ಸಮೀಪ ಇತ್ತು. ಶಿಷ್ಯನೇ ತೆತ್ತ. ಅರ್ಧವನ್ನು ಬಿಟ್ಟು ಎದ್ದೆ, ರುಚಿ ಕೆಟ್ಟದ್ದೆಂದಲ್ಲ.

ಊರಿಗೆ ಬಂದ ಮೇಲೆ ಒಂದು ಬುಧವಾರ, ಸಂತೆಗೆ ಹೊರಟ ಪೂಜಾರಿಯವರು ಜಗಲಿಯಲ್ಲಿ ದಣಿವಾರಿಸಿಕೊಳ್ಳಲು ಕುಳಿತರು. ಈಗ ಮರ ಹತ್ತುವುದಿಲ್ಲ, ಮೊಣಕಾಲು ಸೋತಿದೆ. ಅಮ್ಮ ಒಳಗಿದ್ದಳು. ನಾನೇ ಕಾಫಿ ಮಾಡಿ, ನನ್ನ ಲೋಟಕ್ಕೆ ಜೋಡಿಯಾದ ಲೋಟದಲ್ಲಿ ಕೊಟ್ಟು, ಬಗಲಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಬೆಂಗಳೂರಿನ ಕಥೆ ಹೇಳಿದೆ.

“ಕಾಫಿಗೆ ಹುಳಿ ಬರಿಸುವುದಾ ಮಾರಾಯ್ರೇ! ಎಷ್ಟು ದಿನ ಬೇಕು?”

“ಎರಡು ಮೂರು ವಾರವಂತೆ.”

ಅವರು ನಕ್ಕರು. “ನಮ್ಮದಕ್ಕೆ ಮಧ್ಯಾಹ್ನ ಆದರೆ ಸಾಕಿತ್ತು. ಬೆಳಗ್ಗೆ ಸಿಹಿ, ಮಧ್ಯಾಹ್ನ ಹುಳಿ. ನೀವು ಒಂದು ದಿನವೂ ಕುಡಿದು ನೋಡಲಿಲ್ಲ ಅಲ್ವಾ?”

“ಇಲ್ಲ,” ಎಂದೆ.

“ಬೆಲೆ ಎಷ್ಟು?”

ನಾನು ನೂರು ಎಂದು ಸುಳ್ಳು ಹೇಳಿದೆ. ಅದಕ್ಕೂ ಅವರು ತಲೆಯಾಡಿಸಿದರು. ಕಾಫಿ ಮುಗಿಸಿ, ಕೋಲೂರಿ ಎದ್ದು ನಲ್ಲಿಯತ್ತ ನಡೆದರು. ನಾನು ಹಿಂದೆಯೇ ಹೋಗಿ ಲೋಟಕ್ಕೆ ಕೈ ಚಾಚಿದೆ. ಕೊಡಲಿಲ್ಲ. “ಇರಲಿ, ಇರಲಿ,” ಎನ್ನುತ್ತ ತಾವೇ ತೊಳೆದು, ಜಗಲಿಯ ಅಂಚಿನಲ್ಲಿ ಹಿಂದಿನ ಜಾಗದಲ್ಲೇ ಕವಿಚಿಟ್ಟು ಸಂತೆಗೆ ಹೋದರು.