ಬೋಟಿ ಗೊಜ್ಜು, ಒತ್ತು ಶಾವಿಗೆ

ನಮ್ಮ ಚಿಕ್ಕನಾಯಕನಹಳ್ಳಿ ಸೀಮೆ ತೆಂಗಿಗೂ ಕಂಬಳಿಗೂ ಹೆಸರುವಾಸಿ. ತೆಂಗಿನ ಮರವನ್ನು ಕಲ್ಪವೃಕ್ಷ ಎಂದು ಕರೆಯುತ್ತೇವೆ. ಏಕೆಂದರೆ ಅದರಲ್ಲಿ ಬಿಸಾಡುವುದು ಏನೂ ಇಲ್ಲ. ಕಾಯಿ ಅಡಿಗೆಗೆ, ಕೊಬ್ಬರಿ ಮಾರಾಟಕ್ಕೆ, ಮಟ್ಟೆ ನಾರಿಗೆ, ಗರಿ ಚಪ್ಪರಕ್ಕೆ, ಚಿಪ್ಪು ಒಲೆಗೆ. ಕುರಿಯೂ ಹಾಗೆಯೇ. ಉಣ್ಣೆ ಕಂಬಳಿಗೆ, ಹಿಕ್ಕೆ ತೋಟದ ಗೊಬ್ಬರಕ್ಕೆ, ಮಾಂಸ ಊಟಕ್ಕೆ. ಆದರೆ ಕುರಿಯ ಕರುಳು, ಹೊಟ್ಟೆ ಅಂದರೆ ಮಾತ್ರ ತುಂಬಾ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಇವಕ್ಕೇ ಬೋಟಿ ಅನ್ನುವುದು.

ನಮ್ಮ ಮನೆಯಲ್ಲಿ ಹಬ್ಬಕ್ಕೆ ಮಾಂಸ ಮಾಡುತ್ತಾರೆ, ಬೋಟಿ ತರುವುದಿಲ್ಲ. ಅಮ್ಮನಿಗೆ ಅದರ ವಾಸನೆ ಆಗುವುದಿಲ್ಲ. ಒತ್ತು ಶಾವಿಗೆ ಮಾತ್ರ ಅಮ್ಮ ಬಹಳ ಚೆನ್ನಾಗಿ ಮಾಡುತ್ತಾರೆ. ಅಕ್ಕಿ ಹಿಟ್ಟಿನ ಮುದ್ದೆಯನ್ನು ಕುದಿಯುವ ನೀರಲ್ಲಿ ಬೇಯಿಸಿ, ಬಿಸಿಯಲ್ಲೇ ಶಾವಿಗೆ ಒರಳಿಗೆ ಹಾಕಿ ಒತ್ತುತ್ತಾರೆ. ಅದನ್ನು ಬೆಲ್ಲ ಹಾಕಿದ ಕಾಯಿಹಾಲಿನ ಜೊತೆ ತಿನ್ನುತ್ತೇವೆ.

ನನಗೊಬ್ಬಳು ಗೆಳತಿ ಇದ್ದಾಳೆ. ಅವಳ ಅಜ್ಜಿ ಸಂತೆಯಲ್ಲಿ ಟಾರ್ಪಾಲ್ ಕಟ್ಟಿ ಹೋಟ್ಲು ಇಡುತ್ತಾರೆ. ಅವಳ ತಾಯಿ ಬೋಟಿ ತೊಳೆದು ಕೊಡುತ್ತಾರೆ. ಇದು ಗೊತ್ತಾದ ಮೇಲೆ ಕೆಲವರು ಅವಳನ್ನು "ಬೋಟಿ, ಬೋಟಿ" ಎಂದು ಕರೆಯಲು ಶುರು ಮಾಡಿದರು. ಬಿಸಿಯೂಟಕ್ಕೆ ಕುಳಿತಾಗ ಇಬ್ಬರು ಅವಳ ಪಕ್ಕದಿಂದ ಎದ್ದು ದೂರ ಹೋಗಿ ಕೂತರು. ಆವತ್ತು ಅವಳು ಊಟ ಮಾಡಲಿಲ್ಲ. ಇದನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಬ್ಯಾಡ, ವಿಷಯ ಬರಿ" ಎಂದಳು.

ಒಂದು ಸಂತೆಯ ದಿನ ಅಪ್ಪನ ಜೊತೆ ಹೋಗಿದ್ದೆ. ಅಪ್ಪ ಆ ಅಜ್ಜಿಯ ಹೋಟ್ಲಿಗೇ ಕರೆದುಕೊಂಡು ಹೋದರು. 2023ರಲ್ಲಿ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಅಷ್ಟು ಸಿಗುತ್ತಿರಲಿಲ್ಲ. ಆಗ ಮಾಂಸ ಕೊಳ್ಳಲು ಆಗದೆ ಅಪ್ಪ ಇಲ್ಲೇ ಬೋಟಿ ತಿಂದು ಬರುತ್ತಿದ್ದರಂತೆ. ನನಗೆ ಆವತ್ತೇ ಗೊತ್ತಾಗಿದ್ದು.

"ಬಾ ಮಗ, ಕೂತ್ಕೊ. ಶಾವ್ಗೆಗೆ ಏನು ಬಿಡ್ಲಿ, ಕಾಯಾಲಾ ಬೋಟಿನಾ?" ಎಂದು ಅಜ್ಜಿ ಕೇಳಿದರು. ನನ್ನ ಗೆಳತಿ ಅಲ್ಲೇ ನೀರು ಕೊಡುತ್ತಿದ್ದಳು. ನನ್ನನ್ನು ನೋಡಿ ತಲೆ ಬಗ್ಗಿಸಿದಳು. ನಾನು "ಬೋಟಿನೇ ಬಿಡಜ್ಜಿ" ಅಂದೆ.

ಬಿಳಿ ಶಾವಿಗೆಯ ಮೇಲೆ ಕೆಂಪು ಗೊಜ್ಜು ಬಿತ್ತು. ಅದರಲ್ಲಿ ಕಡಲೆಬೇಳೆ, ಕರುಳಿನ ಸಣ್ಣ ಸಣ್ಣ ಸುರುಳಿ, ಟವೆಲ್ ತರಾ ಇರುವ ಹೊಟ್ಟೆಯ ತುಂಡು ಇದ್ದವು. ವಿಜ್ಞಾನ ಪಾಠದಲ್ಲಿ ಮೆಲುಕು ಹಾಕುವ ಪ್ರಾಣಿಗಳ ರೂಮೆನ್ ಎಂದು ಓದಿದ್ದೇವಲ್ಲ, ಅದೇ ಇದು. ಮೊದಲ ತುತ್ತಿಗೆ ಹೊಟ್ಟೆ ಒಂದು ಸಲ ತೊಳಸಿತು. ಎರಡನೇ ತುತ್ತಿಗೆ ಕೊತ್ತಂಬರಿ, ಬೆಳ್ಳುಳ್ಳಿ, ಕಾಯಿಯ ರುಚಿ ಗೊತ್ತಾಯಿತು. ಕರುಳು ಮೆತ್ತಗಿತ್ತು, ಹೊಟ್ಟೆ ಸ್ವಲ್ಪ ಜಗಿಯಬೇಕು. ಶಾವಿಗೆ ಗೊಜ್ಜನ್ನೆಲ್ಲಾ ಹೀರಿಕೊಂಡಿತ್ತು. ಗೆಳತಿ ಹತ್ತಿರ ಬಂದು ಮೆಲ್ಲಗೆ "ವಾಸ್ನೆ ಬರುತ್ತಾ?" ಎಂದು ಕೇಳಿದಳು. "ವಾಸ್ನೆ ಇಲ್ಲ ಕಣೆ, ಖಾರ ಜಾಸ್ತಿ" ಎಂದೆ. ಅವಳು ನಕ್ಕು ಇನ್ನೊಂದು ಲೋಟ ನೀರು ತಂದುಕೊಟ್ಟಳು.

ವಾಸನೆ ಹೇಗೆ ಹೋಗುತ್ತದೆ ಎಂದು ನೋಡಲು ಮುಂದಿನ ಸಂತೆಯ ಬೆಳಿಗ್ಗೆ ಅವರ ಮನೆಗೆ ಹೋದೆ. ಇನ್ನೂ ಕತ್ತಲೆ ಇತ್ತು. ಅವಳ ತಾಯಿ ಕರುಳಿಗೆ ಕಡ್ಡಿ ಹಾಕಿ ಒಳಮಗ್ಗುಲು ಹೊರಗೆ ತಿರುಗಿಸಿ ತೊಳೆಯುತ್ತಿದ್ದರು. ಮನುಷ್ಯನ ಸಣ್ಣ ಕರುಳು ಸುಮಾರು 7.5 ಮೀಟರ್ ಎಂದು ಪುಸ್ತಕದಲ್ಲಿದೆ. ಕುರಿಯದು ಅದಕ್ಕಿಂತ ಉದ್ದ. ಅಷ್ಟನ್ನೂ ಕೈಯಲ್ಲೇ ತೊಳೆಯಬೇಕು. ಹೊಟ್ಟೆಯನ್ನು ಸುಣ್ಣ ಹಚ್ಚಿ ಬಿಸಿನೀರಲ್ಲಿ ಅದ್ದಿ, ಕಪ್ಪು ಪೊರೆಯನ್ನು ಹೆರೆದರು. ಆಮೇಲೆ ಉಪ್ಪು, ಅರಿಶಿನ ಹಾಕಿ ಉಜ್ಜಿ ಮತ್ತೆ ತೊಳೆದರು. ನಾನು ಎಣಿಸಿದೆ, ಒಟ್ಟು ಒಂಬತ್ತು ನೀರು. ಅವರ ಬೆರಳುಗಳು ಬಿಳುಚಿಕೊಂಡು ಸುಕ್ಕಾಗಿದ್ದವು. ನಾವು ತಟ್ಟೆಯನ್ನೂ ಒಂಬತ್ತು ನೀರಲ್ಲಿ ತೊಳೆಯುವುದಿಲ್ಲ.

ಈ ವಿಷಯವನ್ನು ನಮ್ಮ ಸಮಾಜ ಪಾಠದ ಮೇಷ್ಟ್ರಿಗೆ ಹೇಳಿದೆ. ಅವರು ಸಿಂಗಪುರದ ವಿಷಯ ಹೇಳಿದರು. ಅಲ್ಲಿ "ಕ್ವೇ ಚಾಪ್" ಎಂಬ ತಿಂಡಿ ಇದೆಯಂತೆ. ಹಂದಿಯ ಕರುಳು, ಹೊಟ್ಟೆಯನ್ನು ಸೋಯಾ ರಸದಲ್ಲಿ ನಿಧಾನವಾಗಿ ಬೇಯಿಸಿ, ಅಕ್ಕಿಯ ಅಗಲವಾದ ಶಾವಿಗೆಯ ಜೊತೆ ಕೊಡುತ್ತಾರೆ. ಚೀನಾದಿಂದ ಬಂದ ತಿಯೋಚ್ಯೂ ಜನ ಅದನ್ನು ತಂದರಂತೆ. ಅಂಥ ಚಿಕ್ಕ ಅಂಗಡಿಗಳಲ್ಲಿ ಎಲ್ಲರೂ ಕೂಡಿ ಉಣ್ಣುವ ಸಿಂಗಪುರದ ಪದ್ಧತಿಯನ್ನು 2020ರಲ್ಲಿ ಯುನೆಸ್ಕೊ ಸಂಸ್ಥೆ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಗೌರವ, ಇಲ್ಲಿ ಅಡ್ಡಹೆಸರು. ಕರುಳು ತೊಳೆಯುವ ಕಷ್ಟ ಮಾತ್ರ ಎರಡೂ ಕಡೆ ಒಂದೇ.

ಗೆಳೆಯ ಗೆಳತಿಯರೇ, ಎಲ್ಲರೂ ಬೋಟಿ ತಿನ್ನಿ ಎಂದು ನಾನು ಹೇಳುತ್ತಿಲ್ಲ. ಮಾಂಸ ತಿನ್ನದವರ ಮನೆಗಳೂ ನಮ್ಮಲ್ಲಿವೆ, ನಮ್ಮ ಅಮ್ಮನೂ ಬೋಟಿ ಮುಟ್ಟುವುದಿಲ್ಲ. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆಯೇ ಇದೆ. ಆದರೆ ಒಬ್ಬರು ಮಾಡುವ ಕೆಲಸವನ್ನು ಅವರ ಮಕ್ಕಳಿಗೆ ಹೆಸರಾಗಿ ಕಟ್ಟಬೇಡಿ. ನಾಳೆ ಬಿಸಿಯೂಟಕ್ಕೆ ಅವಳ ಒಂದು ಪಕ್ಕ ನಾನು ಕೂರುತ್ತೇನೆ. ಇನ್ನೊಂದು ಪಕ್ಕ ಜಾಗ ಖಾಲಿ ಇದೆ.