ಪುಸ್ತಕದ ಅಂಚಿನ ಪೆನ್ಸಿಲ್ ಗುರುತು

ಮಾದನಗೇರಿಯಲ್ಲಿ ಬಸ್ಸಿಳಿದು ಗೋಕರ್ಣದ ರಸ್ತೆ ಹಿಡಿದಿದ್ದೀರಿ. ಮುಂದೆ ಹೋದಂತೆ ನೆಲ ತಗ್ಗಾಗುತ್ತದೆ. ಜೂನಿನ ಮಳೆಗೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆ ಯಾವುದು, ಉಪ್ಪಿನ ಆಗರ ಯಾವುದು ಎಂದು ಗುರುತು ಹತ್ತದ ಹಾಗೆ ನೀರು ತುಂಬಿದೆ. ರಸ್ತೆಯಿಂದ ಒಳಗೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಜಗಲಿಯಲ್ಲಿ ಬಿಚ್ಚಿಟ್ಟ ಕೊಡೆಗಳ ಸಾಲು ನೋಡಿದರೆ ಸಾಕು, ಇವತ್ತು ಕ್ಲಸ್ಟರಿನ ಸಮಾಲೋಚನಾ ಸಭೆ ಎಂದು ಗೊತ್ತಾಗುತ್ತದೆ. ಸುತ್ತಲಿನ ಶಾಲೆಗಳ ಅಕ್ಕೋರು, ಮಾಸ್ತರರು ಬಂದಿದ್ದಾರೆ. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ಹಾಜರಿ ಪುಸ್ತಕ ಹಿಡಿದು ಸಹಿ ಹಾಕಿಸುತ್ತಿದ್ದಾರೆ. ಮೂಲೆಯಲ್ಲಿ ಈ ವರ್ಷದ ಪಠ್ಯಪುಸ್ತಕಗಳ ಕಟ್ಟುಗಳು ಇನ್ನೂ ಪೂರ್ತಿ ಹಂಚಿಕೆಯಾಗಿಲ್ಲ. ಕೆಲವು ಪ್ರತಿಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ.

ಮೊದಲಿಗೆ ಮಾದರಿ ಪಾಠ. ಆರನೇ ತರಗತಿಯ ಮಕ್ಕಳು ಮುಂದೆ, ಶಿಕ್ಷಕರು ಹಿಂದಿನ ಬೆಂಚುಗಳಲ್ಲಿ. ಕಿಟಕಿಯ ಬದಿಗೆ ನಿಮಗೂ ಒಂದು ಜಾಗ ಸಿಕ್ಕಿದೆ. ವಿಷಯ ವಿಜ್ಞಾನ. ಒಂದರಲ್ಲೊಂದು ಬೆರೆತ ಪದಾರ್ಥಗಳನ್ನು ಬೇರೆ ಮಾಡುವ ಬಗೆ: ಆರಿಸುವುದು, ತೂರುವುದು, ಜರಡಿ ಹಿಡಿಯುವುದು, ಸೋಸುವುದು. ಮೂಲ ಪುಸ್ತಕ ದಿಲ್ಲಿಯ ಎನ್‌ಸಿಇಆರ್‌ಟಿಯದು. 6ರಿಂದ 10ನೇ ತರಗತಿವರೆಗಿನ ಗಣಿತ, ವಿಜ್ಞಾನಗಳಿಗೆ ಕರ್ನಾಟಕ ಆ ಪುಸ್ತಕಗಳನ್ನೇ ಒಪ್ಪಿಕೊಂಡು ಕನ್ನಡದಲ್ಲಿ ಅಚ್ಚು ಹಾಕಿಸುತ್ತದೆ. ತೂರುವುದನ್ನು ತೋರಿಸಲು ಒಣ ಮರಳಿಗೆ ಮರದ ಹೊಟ್ಟು ಬೆರೆಸಿ ಎನ್ನುತ್ತದೆ ಪುಸ್ತಕ. ಪಾಠ ಮಾಡುತ್ತಿದ್ದ ಅಕ್ಕೋರು ಅದನ್ನು ಓದಿಸಿ, ಜೊತೆಗೆ ಮನೆಯಿಂದ ತಂದ ಗೆರಸೆಯನ್ನೂ ಮೇಜಿನ ಮೇಲಿಟ್ಟರು.

ಉಪ್ಪಿನ ಮಾತು ಬರುವುದು ಪಾಠದ ಕೊನೆಗೆ, ಕೆಲವೇ ಸಾಲುಗಳಲ್ಲಿ. ಸಮುದ್ರದ ನೀರನ್ನು ಆಳವಿಲ್ಲದ ಗುಂಡಿಗಳಲ್ಲಿ ನಿಲ್ಲಿಸುತ್ತಾರೆ, ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ ಎಂಬ ಅರ್ಥದ ಸಾಲುಗಳು. ಒಬ್ಬ ಹುಡುಗ ಓದಿ ಮುಗಿಸಿದ. ಎರಡು ಕಡೆ ತಡವರಿಸಿದ. ನಿಮ್ಮ ಪಕ್ಕದಲ್ಲಿ ಕುಳಿತ ಹಿರಿಯ ಅಕ್ಕೋರು ತಮ್ಮ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಚುಕ್ಕೆ ಇಟ್ಟರು.

"ಯಾರ್ಯಾರ ಮನೆಯವರು ಆಗರಕ್ಕೆ ಹೋಗ್ತಾರೆ?" ಪಾಠದ ಅಕ್ಕೋರು ಕೇಳಿದರು.

ನಾಲ್ಕಾರು ಕೈ ಮೇಲೆದ್ದವು. ಎರಡನೇ ಬೆಂಚಿನ ಹುಡುಗಿ ಕೈಯೆತ್ತಿದ್ದಲ್ಲದೆ ಎದ್ದೇ ನಿಂತಳು. "ನಮ್ಮ ಅಜ್ಜಿ ಹೋಗ್ತಿತ್ತು, ಅಕ್ಕೋರೆ. ಆದ್ರೆ ಬರೀ ಗುಂಡೀಲಿ ನೀರು ನಿಲ್ಸಿದ್ರೆ ಉಪ್ಪು ಆಗೂದಿಲ್ಲ."

"ಎಂತಕೆ ಆಗೂದಿಲ್ಲ?"

ಆಮೇಲಿನ ಹತ್ತು ನಿಮಿಷ ಪಾಠ ಮಾಡಿದ್ದು ಮಕ್ಕಳು. ಉಬ್ಬರದ ನೀರನ್ನು ಮೊದಲು ಅಗಲದ ಕೆರೆಯಂಥ ಜಾಗಕ್ಕೆ ಬಿಟ್ಟುಕೊಳ್ಳಬೇಕು. ಅಲ್ಲಿ ಬಿಸಿಲಿಗೆ ಗಟ್ಟಿಯಾದ ನೀರನ್ನು ಸಣ್ಣ ಪಾತಿಗೆ, ಅಲ್ಲಿಂದ ಇನ್ನೊಂದು ಪಾತಿಗೆ ಹರಿಸಬೇಕು. ಕೊನೆಯ ಪಾತಿಯ ನೆಲ ತುಳಿದು ತುಳಿದು ಗಟ್ಟಿ ಮಾಡಿದ್ದಿರಬೇಕು, ಇಲ್ಲದಿದ್ದರೆ ಉಪ್ಪಿಗೆ ಕೆಸರು ಹತ್ತುತ್ತದೆ. ಉದ್ದ ಹಿಡಿಕೆಯ ಹಲಗೆಯಿಂದ ಎಳೆದು ಬದುವಿಗೆ ರಾಶಿ ಹಾಕಬೇಕು. ಹಿಂದಿನಿಂದ ಒಬ್ಬ ಕೂಗಿದ: "ಈಗ ಮಾಡೂಕೆ ಬರೂದಿಲ್ಲ. ಮಳೆಗಾಲದಲ್ಲಿ ಹೊಳೆ ನೀರು ಸಪ್ಪೆ ಅಲ್ದಾ?" ನದಿ ಸಮುದ್ರ ಸೇರುವಲ್ಲಿ ನೀರಿನ ಉಪ್ಪಿನಂಶ ಋತುಮಾನಕ್ಕೆ ತಕ್ಕಂತೆ ಏರಿಳಿಯುತ್ತದೆ ಎಂಬುದನ್ನು ಅವನು ಒಂದೇ ಮಾತಿನಲ್ಲಿ ಹೇಳಿಬಿಟ್ಟ. ಈ ಮಕ್ಕಳ ಕೆಲವು ಮನೆಗಳ ಗದ್ದೆಯಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರು ತಡೆದುಕೊಳ್ಳುವ ತಳಿ. ಆ ನೀರಿನ ಸಪ್ಪೆ, ಉಪ್ಪು ಎರಡೂ ಅವರಿಗೆ ಊಟದ ಲೆಕ್ಕ. ಹಿರಿಯ ಅಕ್ಕೋರು ಈ ಸಲ ಅಂಚಿನಲ್ಲಿ ಉದ್ದ ಗೆರೆ ಎಳೆದರು. ಚುಕ್ಕೆ ಎಂದರೆ ಓದು ನಿಂತಲ್ಲಿ, ಗೆರೆ ಎಂದರೆ ತರಗತಿ ಎದ್ದಲ್ಲಿ. ಅವರ ಹಳೆಯ ಪ್ರತಿಗಳನ್ನು ತಿರುವಿದರೆ ಪುಟಪುಟಕ್ಕೂ ಇಂಥ ಗುರುತುಗಳು. ಪಠ್ಯಪುಸ್ತಕವೊಂದರ ಗುಣ ಅಳೆಯಲು ಇದಕ್ಕಿಂತ ನೇರವಾದ ದಾಖಲೆ ಇರಲಾರದು ಎಂದೇ ನಾನು ನಂಬಿದ್ದೇನೆ.

ಮಕ್ಕಳು ಮನೆಗೆ ಹೊರಟರು. ಚಹಾ ಬಂತು. ಚರ್ಚೆ ಶುರುವಾಯಿತು.

ಪಾಠ ಚಿಕ್ಕದಾಗಿರುವುದೇ ಒಳ್ಳೆಯದು, ಮಕ್ಕಳು ತುಂಬಲು ಜಾಗ ಬಿಟ್ಟಿದೆ ಎಂದರು ಒಬ್ಬ ಮಾಸ್ತರರು. ಬಯಲುಸೀಮೆಯಿಂದ ಇತ್ತೀಚೆಗೆ ಬಂದ ಯುವ ಶಿಕ್ಷಕ ಒಪ್ಪಲಿಲ್ಲ. "ನಿಮಗ ಗೊತ್ತೈತಿ, ತುಂಬಿಸ್ತೀರಿ. ನಾ ಇಲ್ಲಿಗೆ ಬಂದಾಗ ಆಗರ ಅಂದ್ರೇನಂತನ ಗೊತ್ತಿದ್ದಿಲ್ರಿ. ಆ ನಾಲ್ಕು ಸಾಲು ಓದಿಸಿ ಮುಂದಿನ ಪಾಠಕ್ಕ ಹೋಗಿಬಿಟ್ಟಿದ್ದೆ. 'ಊರಾಗ ಉಪ್ಪು ಮಾಡೋರಿದ್ರ ಕೇಳ್ರಿ' ಅಂತ ಒಂದು ಸೂಚನೆ ಇದ್ದಿದ್ರ ಸಾಕಿತ್ತು." ಅವನ ಮಾತೇ ಸರಿ ಎನಿಸುತ್ತದೆ. ಒಳ್ಳೆಯ ಸಾಮಗ್ರಿ ಪಳಗಿದ ಶಿಕ್ಷಕರ ಕೈಯಲ್ಲಿ ಹೇಗೂ ಬೆಳಗುತ್ತದೆ. ಅದರ ನಿಜವಾದ ಪರೀಕ್ಷೆ ಊರಿಗೆ ಹೊಸಬನಾದ ಶಿಕ್ಷಕನ ಕೈಯಲ್ಲಿ.

ಈಗ ಸಿಆರ್‌ಪಿ ಒಂದು ಪುಸ್ತಕದ ಮೊದಲ ಪುಟಗಳನ್ನು ತೆರೆದು ತೋರಿಸುತ್ತಾರೆ. ಪಾಠದ ಗಡಿಬಿಡಿಯಲ್ಲಿ ಯಾರೂ ನೋಡದ ಪುಟಗಳಿವು. ಕೆಳಗೆ ಕರ್ನಾಟಕ ಪಠ್ಯಪುಸ್ತಕ ಸಂಘದ ವಿಳಾಸ: 100 ಅಡಿ ವರ್ತುಲ ರಸ್ತೆ, ಬನಶಂಕರಿ 3ನೇ ಹಂತ, ಬೆಂಗಳೂರು. ಹಾಳೆ ತಿರುವಿದರೆ ರಚನಾ ಸಮಿತಿ, ಪರಿಶೀಲಕರು, ಸಂಪಾದಕ ಮಂಡಳಿ, ಚಿತ್ರ ಕಲಾವಿದರು. ಹತ್ತು ಹದಿನೈದು ವರ್ಷಗಳ ಪುಸ್ತಕಗಳನ್ನು ಒಂದರ ಪಕ್ಕ ಒಂದಿಟ್ಟರೆ ಈ ಪುಟಗಳಲ್ಲೇ ರಾಜ್ಯದ ಚರಿತ್ರೆ ಓದಬಹುದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೇಲೆ ಜಿ.ಎಸ್. ಮುಡಂಬಡಿತ್ತಾಯರ ಸಂಯೋಜನೆಯಲ್ಲಿ ಬಂದ ಪುಸ್ತಕಗಳು ಮೊದಲಿಗೆ. ಅವುಗಳ ಪರಿಷ್ಕರಣೆ ಬರಗೂರು ರಾಮಚಂದ್ರಪ್ಪನವರ ಸರ್ವಾಧ್ಯಕ್ಷತೆಯ ಸಮಿತಿಗಳಿಂದ. ಆ ಪುಸ್ತಕಗಳು ಶಾಲೆಗೆ ಬಂದದ್ದು 2017-18ರಲ್ಲಿ. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆ, ಅದರ ಸುತ್ತ ಎದ್ದ ವಿವಾದ, ತಮ್ಮ ಪಾಠ ಬೇಡವೆಂದು ಅನುಮತಿ ಹಿಂಪಡೆದ ಲೇಖಕರು. ಸರ್ಕಾರ ಬದಲಾದ ಮೇಲೆ 2023ರ ಜೂನಿನಲ್ಲಿ ಸಚಿವ ಸಂಪುಟ ಕೆಲವು ಪಾಠಗಳನ್ನು ಕೈಬಿಡಲು ತೀರ್ಮಾನಿಸಿತು. ಅಷ್ಟು ಹೊತ್ತಿಗೆ ಪುಸ್ತಕ ಮಕ್ಕಳ ಚೀಲ ಸೇರಿತ್ತು. ಆ ವರ್ಷ ಇದನ್ನು ಕಲಿಸಬೇಡಿ, ಇದನ್ನು ಕಲಿಸಿ ಎಂಬ ಸೂಚನೆಯೂ ಪೂರಕ ಪಠ್ಯವೂ ಹಿಂದಿನಿಂದ ಬಂದವು.

ಯಾರ ಪಾಠ ಇರಬೇಕು, ಯಾರದು ಬೇಡ ಎಂಬ ಜಗಳ ಸಣ್ಣದಲ್ಲ. ಮಗು ಯಾವ ನಾಡನ್ನು ತನ್ನದೆಂದು ತಿಳಿದು ಬೆಳೆಯಬೇಕು ಎಂಬ ಪ್ರಶ್ನೆ ಅದರಲ್ಲಿದೆ. ಆದರೆ ಅಷ್ಟೂ ವರ್ಷಗಳ ಗದ್ದಲದಲ್ಲಿ ಸುದ್ದಿಯಾಗದೆ ಉಳಿದ ಒಂದು ಪ್ರಶ್ನೆ ಈ ಕೋಣೆಯಲ್ಲಿ ಕುಳಿತವರದ್ದು: ಈ ಪುಟವನ್ನು ಅಚ್ಚಿಗೆ ಕಳಿಸುವ ಮೊದಲು ಯಾವ ಊರಿನ, ಯಾವ ಮಗುವಿನ ಕೈಗೆ ಕೊಟ್ಟು ಓದಿಸಿದಿರಿ?

ಈ ಶಾಲೆಯಿರುವ ಕುಮಟಾ ಸೀಮೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಒಂದೇ ಬೆಂಚಿನಲ್ಲಿ ಹಾಲಕ್ಕಿ ಮನೆಯ ಮಗು, ಮನೆಯಲ್ಲಿ ಕೊಂಕಣಿ ಆಡುವ ಮಗು, ಹವ್ಯಕ ಕನ್ನಡದ ಮಗು ಕೂರುತ್ತವೆ. ಭಟ್ಕಳಕ್ಕೆ ಹೋದರೆ ಮನೆಯಲ್ಲಿ ನವಾಯತಿ, ಶಾಲೆಯಲ್ಲಿ ಉರ್ದು. ಪಠ್ಯಪುಸ್ತಕ ಸಂಘ ಕನ್ನಡವಲ್ಲದೆ ಉರ್ದು, ಮರಾಠಿ ಮೊದಲಾದ ಮಾಧ್ಯಮಗಳಲ್ಲೂ ಪುಸ್ತಕ ತರುತ್ತದೆ, ಅದು ದೊಡ್ಡ ಕೆಲಸ. ಸರ್ಕಾರಿ, ಅನುದಾನಿತ ಶಾಲೆಗಳಿಗೆ ಉಚಿತವಾಗಿಯೂ ಕೊಡುತ್ತದೆ. ರಾಜ್ಯಕ್ಕೆಲ್ಲ ಒಂದೇ ಪುಸ್ತಕ ಎಂಬ ವ್ಯವಸ್ಥೆಯನ್ನು ನಾನು ಬಿಟ್ಟುಕೊಡಲಾರೆ. ಪೇಟೆಯ ಮಗುವಿಗೆ ಒಂದು, ಆಗರದ ಮಗುವಿಗೆ ಇನ್ನೊಂದು ಎಂದಾದರೆ ಕೆಳದರ್ಜೆಯದು ಯಾರ ಪಾಲಿಗೆ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಪುಸ್ತಕ ಒಂದೇ ಇರಲಿ. ಅದನ್ನು ಪರೀಕ್ಷಿಸುವ ತರಗತಿಗಳು ಮಾತ್ರ ಹಲವು ಸೀಮೆಗಳವಾಗಿರಬೇಕು.

ಅಮೆರಿಕದಲ್ಲಿ ದಾರಿ ಬೇರೆ. ಅಲ್ಲಿ ಹೆಚ್ಚಿನ ಕಡೆ ಒಂದೊಂದು ಶಾಲಾ ಜಿಲ್ಲೆಯೂ ಪುಸ್ತಕವನ್ನು ತಾನೇ ಆರಿಸಿಕೊಳ್ಳುತ್ತದೆ. ಎಡ್‌ರಿಪೋರ್ಟ್ಸ್ ಎಂಬ ಲಾಭರಹಿತ ಸಂಸ್ಥೆ 2015ರಿಂದ ಪ್ರಕಾಶಕರ ಪುಸ್ತಕಗಳನ್ನು ಪರಿಶೀಲಿಸಿ ವರದಿ ಪ್ರಕಟಿಸುತ್ತಿದೆ. ಪರಿಶೀಲಿಸುವವರು ಬಹುಪಾಲು ಶಿಕ್ಷಕರೇ. ಪುಸ್ತಕ ಮೂರು ಬಾಗಿಲು ದಾಟಬೇಕು. ಗಣಿತವಾದರೆ, ಆ ತರಗತಿ ಕಲಿಯಬೇಕಾದ್ದರ ಮೇಲೆ ಗಮನವಿದೆಯೇ, ಒಂದಕ್ಕೊಂದು ಕೊಂಡಿ ಇದೆಯೇ ಎಂಬುದು ಮೊದಲನೆಯದು. ವಿಷಯದ ಆಳ ಎರಡನೆಯದು. ಶಿಕ್ಷಕರು, ಮಕ್ಕಳು ಬಳಸಲು ಬರುತ್ತದೆಯೇ ಎಂಬುದು ಕೊನೆಯದು. ಮೊದಲ ಬಾಗಿಲಲ್ಲೇ ಸೋತ ಪುಸ್ತಕದ ಬಣ್ಣದ ಚಿತ್ರಗಳನ್ನು ಆಮೇಲೆ ಯಾರೂ ನೋಡುವುದಿಲ್ಲ. ಇಂಥ ವರದಿ ಕೈಯಲ್ಲಿಟ್ಟುಕೊಂಡು ಜಿಲ್ಲೆಯ ಶಿಕ್ಷಕರ ಸಮಿತಿ ಕೂರುತ್ತದೆ, ಕಣದಲ್ಲಿ ಉಳಿದ ಒಂದೆರಡು ಪುಸ್ತಕಗಳನ್ನು ಕೆಲವು ತರಗತಿಗಳಲ್ಲಿ ಪ್ರಯೋಗಕ್ಕೆ ಬಿಡುತ್ತದೆ, ಆಮೇಲೆ ಶಾಲಾ ಮಂಡಳಿಯ ಮುಂದಿಡುತ್ತದೆ. ಅಲ್ಲಿಯದೆಲ್ಲ ನಮಗೆ ಒಗ್ಗದು. ಆದರೂ ತೀರ್ಮಾನದ ಮೊದಲು ತರಗತಿಯಲ್ಲಿ ಪ್ರಯೋಗ ಎಂಬ ಆ ಒಂದು ಹೆಜ್ಜೆಗಾಗಿ ನಾನು ವಾದಿಸುತ್ತೇನೆ.

ಹಾಗೆ ನೋಡಿದರೆ ಆ ಹೆಜ್ಜೆ ನಮ್ಮದೇ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ತಾವೇ ಕೂತು ಕಲಿಕಾ ಕಾರ್ಡು ಬರೆದರು, ತಮ್ಮ ಮಕ್ಕಳ ಮುಂದೆ ಇಟ್ಟರು, ತಿದ್ದಿದರು. ಅದೇ ನಲಿ-ಕಲಿ. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಪಕ್ಕದ ಕೋಣೆಗೆ ಒಂದು ಗಳಿಗೆ ಹೋಗಿ ಬನ್ನಿ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರಗಳು. ಗೋಡೆಯ ಮೇಲೆ ಕಲಿಕಾ ಏಣಿ. ಕೈಗೆಟಕುವ ಎತ್ತರದಲ್ಲಿ ಕಪ್ಪುಹಲಗೆ, ಅದರ ಮೇಲೆ ಬೆಳಗ್ಗೆ ಯಾರೋ ಬರೆದುಹೋದ ಅಕ್ಷರಗಳು: ರ, ಗ, ಸ, ದ, ಅ. ಅಆಇಈ ಕ್ರಮವಿಲ್ಲ. ಈ ಐದು ಬಂದರೆ ಸಾಕು, ಮಗು ಸರ, ದರ, ಅಗಸ, ಅರಸ, ಗರಗಸ ಎಲ್ಲ ಓದಿಬಿಡುತ್ತದೆ. ಮೊದಲ ವಾರಗಳಲ್ಲೇ ಓದಿದ ಖುಷಿ ಅದಕ್ಕೆ ಸಿಗುತ್ತದೆ. ಕಾರ್ಡುಗಳು ರಾಜ್ಯಕ್ಕೆಲ್ಲ ಸಿದ್ಧವಾಗಿ ಬರತೊಡಗಿದ ಮೇಲೆ ಶಿಕ್ಷಕರು ಬರೆಯುವವರಿಂದ ಬಳಸುವವರಾದರು. ಹೆಗ್ಗಡದೇವನಕೋಟೆಯ ಶಿಕ್ಷಕರಿಗೆ ಇದ್ದ ತಿದ್ದುವ ಹಕ್ಕು ಉಳಿದವರಿಗೆ ದಾಟಲಿಲ್ಲ. ಆ ನಷ್ಟ ನನ್ನನ್ನು ಈಗಲೂ ಕಾಡುತ್ತದೆ.

ಸಭೆಗೆ ಮರಳಿ ಬಂದರೆ ಮಾತು ಗ್ರಂಥಾಲಯದ ಅನುದಾನಕ್ಕೆ ಹೊರಳಿದೆ. ಸಮಗ್ರ ಶಿಕ್ಷಣ ಯೋಜನೆಯಡಿ 1ರಿಂದ 5ರ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ, 1ರಿಂದ 8ರ ಶಾಲೆಗೆ 13,000 ರೂಪಾಯಿವರೆಗೆ ಅವಕಾಶವಿದೆ. ಪಠ್ಯಪುಸ್ತಕದಲ್ಲಿ ಇಲ್ಲದ ಆಯ್ಕೆಯ ಸ್ವಾತಂತ್ರ್ಯ ಅಷ್ಟಿಷ್ಟಾದರೂ ಇರುವುದು ಇಲ್ಲಿ. ಮೇಜಿನ ಮೇಲೆ ಮಾದರಿ ಪ್ರತಿಗಳನ್ನು ಹರಡಿದ್ದಾರೆ. ಪ್ರಥಮ್ ಬುಕ್ಸ್‌ನ ತೆಳು ಪುಸ್ತಕಗಳ ಹಿಂದೆ ಓದಿನ ಹಂತ ಅಚ್ಚಾಗಿದೆ. ಒಂದನೇ ಹಂತ ಈಗಷ್ಟೇ ಓದಲು ತೊಡಗಿದವರಿಗೆ, ನಾಲ್ಕನೆಯದು ಸರಾಗ ಓದುವವರಿಗೆ. ಹಿರಿಯ ಅಕ್ಕೋರು ಹಂತ ನೋಡಿ ಸುಮ್ಮನಾಗುವವರಲ್ಲ. ಜಗಲಿಯಲ್ಲಿ ಇನ್ನೂ ಅಣ್ಣನಿಗಾಗಿ ಕಾಯುತ್ತಿದ್ದ ಮೂರನೇ ತರಗತಿಯ ಹುಡುಗಿಯನ್ನು ಒಳಗೆ ಕರೆದು ಎರಡು ಪುಸ್ತಕ ಕೈಗಿತ್ತರು. ಮೊದಲನೆಯದನ್ನು ಅವಳು ತಪ್ಪಿಲ್ಲದೆ ಓದಿ ಮುಗಿಸಿ ಕೆಳಗಿಟ್ಟಳು. ಎರಡನೆಯದರಲ್ಲಿ ನಾಲ್ಕು ಕಡೆ ಎಡವಿದಳು, ಆದರೆ ಪುಟ ತಿರುವುವ ಮೊದಲು "ಆಮೇಲೆ ಆ ಆಮೆ ಎಲ್ಲಿಗೆ ಹೋಯ್ತು?" ಎಂದು ಕೇಳಿದಳು.

"ಎರಡನೇದು ಐದು ಪ್ರತಿ ಬರೀರಿ" ಎಂದರು ಅಕ್ಕೋರು.

"ಓದೂಕೆ ಕಷ್ಟ ಆಯ್ತಲ್ಲ, ಅಕ್ಕೋರೆ?" ಸಿಆರ್‌ಪಿ ಕೇಳಿದರು.

"ಕಷ್ಟ ಆದ್ರೂ ಬಿಡ್ಲಿಲ್ಲ ಅಲ್ದಾ, ಸರ್?"

ಪಟ್ಟಿಗೆ ಆಮೆ ಪುಸ್ತಕ ಸೇರಿತು. ಸಿಆರ್‌ಪಿ ನಡಾವಳಿ ಪುಸ್ತಕ ತೆಗೆದು, ಮಾದರಿ ಪಾಠದ ಬಗ್ಗೆ "ಪಾಠ ಉತ್ತಮವಾಗಿತ್ತು, ಚರ್ಚಿಸಲಾಯಿತು" ಎಂದು ಬರೆಯಲು ಹೊರಟರು. ಯುವ ಶಿಕ್ಷಕ ತಡೆದ. "ಹಂಗ ಬರದ್ರ ಯಾರಿಗೇನ್ ತಿಳೀತೈತ್ರಿ, ಸರ್? ಉಪ್ಪಿನ ಸಾಲಿನ ಮುಂದ ಶಿಕ್ಷಕರಿಗೊಂದು ಸೂಚನೆ ಬೇಕು ಅಂತನ ಬರೀರಿ."

"ಪುಟ ಸಂಖ್ಯೆ ಹಾಕಿ" ಎಂದು ಅಕ್ಕೋರು ಸೇರಿಸಿದರು, ತಮ್ಮ ಪ್ರತಿಯನ್ನು ಅವರ ಮುಂದೆ ನೂಕುತ್ತ. "ಮಗು ನಿಂತ ಶಬ್ದ ಎರಡೂ ಬರೀರಿ. ಆ ಹುಡುಗಿ ಹೇಳಿದ್ದನ್ನೂ ಬರೀರಿ, ನೀರನ್ನು ಪಾತಿಯಿಂದ ಪಾತಿಗೆ ಬಿಡಬೇಕು ಅಂದ್ಲಲ್ಲ, ಅದನ್ನ. ಕುಮಟಾದಲ್ಲೇ ಶಿಕ್ಷಕರ ತರಬೇತಿಯ ಡಯಟ್ ಇದೆ. ಸೋಮವಾರ ಪೇಟೆಗೆ ಹೋಗೂದಿದೆ, ನಾನೇ ಕೊಟ್ಟು ಬತ್ತೆ. ಅಲ್ಲಿಂದ ಬೆಂಗಳೂರಿಗೆ ಕಳ್ಸಿ ಅಂತ ಕೇಳ್ತೆ. ಕಳ್ಸಿದ್ರಾ ಅಂತ ಮುಂದಿನ ತಿಂಗಳು ಮತ್ತೆ ಹೋಗಿ ಕೇಳ್ತೆ."