ಎರವಲು ಕಾರು

ಕೊಡೆ, ಪುಸ್ತಕ, ಲೇಖನಿ ಇವನ್ನು ಎರವಲಿತ್ತವನು ಅವುಗಳ ಆಸೆಯನ್ನು ಬಿಡಬೇಕೆಂದು ಹಿರಿಯರು ಹೇಳುವುದುಂಟು. ಕಾರಿನ ವಿಷಯ ಹಾಗಲ್ಲ. ಅದು ಮರಳಿ ಬರುತ್ತದೆ. ಕೆಲವೊಮ್ಮೆ ನ್ಯಾಯಾಲಯದ ನೋಟೀಸನ್ನೂ ಸಂಗಡ ಕರೆತರುತ್ತದೆ.

ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರು ಬೆಳಗಿನಲ್ಲಿಯೇ ಮಾಟುಂಗದ ನಮ್ಮ ಮನೆಗೆ ಬಂದು, "ಮಗಳ ನಿಶ್ಚಿತಾರ್ಥಕ್ಕೆ ಪುಣೆಗೆ ಹೋಗಬೇಕು, ಒಂದು ದಿನದ ಮಟ್ಟಿಗೆ ಕಾರು ಕೊಡಿ, ಮಾರಾಯರೇ" ಎಂದರು. ಇಪ್ಪತ್ತು ವರ್ಷಗಳ ಸ್ನೇಹ. ಬೀಗದ ಕೈಯನ್ನು ಕೊಟ್ಟೆವು. ಚಾಲನಾ ಪರವಾನಗಿ ಇದೆಯೇ ಎಂದು ಮಾತ್ರ ಕೇಳಲಿಲ್ಲ. ಕೇಳುವುದು ಸ್ನೇಹಕ್ಕೆ ಅಪಮಾನವೆಂದು ಬಗೆದೆವು.

ಹಿಂದಿರುಗುವಾಗ ಪನ್ವೇಲಿನ ಬಳಿ ಕಾರು ಸೈಕಲ್ಲಿನಲ್ಲಿದ್ದ ಹಾಲಿನವನೊಬ್ಬನಿಗೆ ಬಡಿಯಿತು. ಅವನ ಕಾಲು ಮುರಿಯಿತು. ಮಿತ್ರರ ಪರವಾನಗಿಯ ಅವಧಿ ತೀರಿ ಎರಡು ವರ್ಷಗಳಾಗಿದ್ದವೆಂದು ಆಗ ತಿಳಿಯಿತು.

ವಿಮೆಯಿದೆಯಲ್ಲವೆಂದು ಧೈರ್ಯ ತಂದುಕೊಂಡೆವು. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಮೂರನೆಯವರಿಗಾಗುವ ಹಾನಿಗೆ ವಿಮೆ ಕಡ್ಡಾಯ. ಒಡೆಯನ ಒಪ್ಪಿಗೆಯಿಂದ ಬೇರೊಬ್ಬರು ವಾಹನವನ್ನು ನಡೆಸಿದರೂ ಅದು ಸಲ್ಲುತ್ತದೆ. ಆದರೆ ನಡೆಸುವವರಿಗೆ ಊರ್ಜಿತವಾದ ಪರವಾನಗಿ ಇರಬೇಕೆಂಬುದು ಕರಾರು. ನ್ಯಾಯಮಂಡಳಿಯ ಆಜ್ಞೆಯಂತೆ ವಿಮಾ ಸಂಸ್ಥೆಯು ಹಾಲಿನವನಿಗೆ ಪರಿಹಾರವನ್ನು ಕೊಟ್ಟಿತು. ಬಳಿಕ ಆ ಹಣವನ್ನು ನಮ್ಮಿಂದ ವಸೂಲು ಮಾಡಿತು. ಕಾರಿನ ದುರಸ್ತಿಗೆ ಬಿಡಿಗಾಸೂ ದೊರೆಯಲಿಲ್ಲ. ಪರವಾನಗಿಯಿಲ್ಲದವರಿಗೆ ವಾಹನ ಕೊಟ್ಟ ಒಡೆಯನಿಗೆ ಶಿಕ್ಷೆಯೂ ಉಂಟು. 2019ರ ತಿದ್ದುಪಡಿಯಂತೆ ದಂಡವೇ 5000 ರೂಪಾಯಿ.

ಎರವಲು ಪಡೆದವನ ಪಾಡೂ ಸುಖದ್ದಲ್ಲ. ಹಿಂದೆ ಒಬ್ಬಾತನು ಎರವಲು ಮೋಟಾರು ಸೈಕಲ್ಲಿನಲ್ಲಿ ಇಳಕಲ್ಲಿನಿಂದ ಗುಡೂರಿಗೆ ಹೊರಟು, ದಾರಿಯಲ್ಲಿ ಎತ್ತಿನ ಗಾಡಿಗೆ ಡಿಕ್ಕಿ ಹೊಡೆದು ಮಡಿದನು. ಎರವಲು ಪಡೆದವನು ಒಡೆಯನ ಸ್ಥಾನದಲ್ಲಿಯೇ ನಿಲ್ಲುತ್ತಾನೆ. ಆದುದರಿಂದ ಯಾರ ತಪ್ಪೆಂದು ಸಾಧಿಸದೆಯೇ ಪರಿಹಾರ ಕೊಡಿಸುವ ವಿಧಿಯು ಅವನ ಮನೆಯವರಿಗೆ ಒದಗದೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ತೀರ್ಪಿತ್ತಿತು.

ನಮ್ಮ ಮಿತ್ರರು ಸಜ್ಜನರು. ನಾವು ತೆತ್ತ ಹಣವನ್ನು ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪವಾಗಿ ತೀರಿಸಿದರು. ಆದರೆ ಲಕೋಟೆಯನ್ನು ಬಾಗಿಲಲ್ಲಿಯೇ ಕೊಟ್ಟು ಹೊರಟುಬಿಡುತ್ತಿದ್ದರು. ಒಳಗೆ ಬಂದು ಕಾಫಿ ಕುಡಿಯಿರೆಂದರೆ ತಲೆಯೆತ್ತುತ್ತಿರಲಿಲ್ಲ. ಕೊನೆಯ ಕಂತು ಸಂದ ಮೇಲೆ ಅವರು ಈ ಕಡೆ ಬಂದಿಲ್ಲ.

ಬಾಲಮಿತ್ರರೇ, ನಾಳೆ ನೀವೂ ವಾಹನಗಳ ಒಡೆಯರಾಗುವಿರಿ. ಸ್ನೇಹಿತರು ಕೇಳಿದಾಗ ಕೊಡಿ. ಕೊಡುವ ಮೊದಲು "ಪರವಾನಗಿ ತೋರಿಸಿ" ಎನ್ನಲು ಸಂಕೋಚಪಡಬೇಡಿ. ಆ ಮಾತನ್ನು ನಾವು ಅಂದು ಆಡಿದ್ದರೆ ಮಿತ್ರರು ಒಂದು ಗಳಿಗೆ ಮುನಿಯುತ್ತಿದ್ದರೇನೋ. ಮರುವಾರ ಕಾಫಿಗೆ ಬಂದೇ ಬರುತ್ತಿದ್ದರು.